ನಗು ಬಾರದ ಎಂಟು ಕಂತು

ಅಸ್ಟೋರಿಯಾ, ನ್ಯೂಯಾರ್ಕ್
ಅಕ್ಟೋಬರ್ 14, 2014, ಮಂಗಳವಾರ

ನನ್ನ ಪೋಪಿ ಮಗಳೇ,

ಹೇಗಿದ್ದೀಯ? ಬುದ್ಧಿಹಲ್ಲು ಕೀಳಿಸಿಕೊಂಡೆ ಅಂತ ಫೋತಿನಿ ಅತ್ತೆ ಹೇಳಿದಳು. ಊತ ಇಳಿಯಿತಾ? ಬಿಸಿ ಉಪ್ಪುನೀರು ಮುಕ್ಕಳಿಸು, ಗಟ್ಟಿ ಪದಾರ್ಥ ಬಾಯಿಗೆ ಹಾಕಬೇಡ. ಮೊದಲ ಹಲ್ಲು ಬರುವಾಗ ನೀನು ಇಡೀ ಕಟ್ಟಡ ಎದ್ದು ಕೂರುವ ಹಾಗೆ ಕಿರುಚುತ್ತಿದ್ದೆ. ಕೆಳಗಿನ ಮನೆಯ ಮುದುಕ ಪೊರಕೆಯ ಹಿಡಿಯಿಂದ ಸೂರಿಗೆ ಗುದ್ದುತ್ತಿದ್ದ, ನಾನು ಆ ತಾಳಕ್ಕೆ ನಿನ್ನನ್ನು ಎತ್ತಿಕೊಂಡು ಕುಣಿಯುತ್ತಿದ್ದೆ. ನಾನು ಚೆನ್ನಾಗಿದ್ದೇನೆ. ಎಡಗಾಲಿನ ಮಂಡಿ ಹೇಳಿದ ಮಾತು ಕೇಳುವುದಿಲ್ಲ. ನೀನೂ ಕೇಳುತ್ತಿರಲಿಲ್ಲ, ಹಾಗಾಗಿ ಅಭ್ಯಾಸವಿದೆ. ನೀನು ಫೋನ್ ಎತ್ತುವುದಿಲ್ಲ ಅಂತ ಕಾಗದ ಹಿಡಿದಿದ್ದೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಬರೆಯುವುದನ್ನೇ ಕೆಲಸ ಮಾಡಿಕೊಂಡವಳಿಗೆ ಬರೆಯುತ್ತಿದ್ದಾನೆ. ತಪ್ಪಿದ್ದರೆ ತಿದ್ದಿಕೋ.

ನವೆಂಬರ್ ಎರಡನೇ ತಾರೀಕು ಭಾನುವಾರ ಅಮ್ಮ ತೀರಿಕೊಂಡ ಮೂರನೇ ವರ್ಷದ ಪ್ರಾರ್ಥನೆ. ಪಾದ್ರಿಗಳಿಗೆ ಹೇಳಿ ಆಯಿತು. ನೀನು ಬರುವುದಿಲ್ಲ ಅಂದೆಯಂತೆ. "ಅಪ್ಪ ಇರೋ ಕಡೆ ನನ್ ಕೈಲಿ ಕೂರಕ್ಕಾಗಲ್ಲ ಅತ್ತೆ" ಅಂದೆಯಂತೆ. ಫೋತಿನಿ ಇದನ್ನು ನನಗೆ ಹೇಳಬಾರದು ಅಂತ ಅಂದುಕೊಂಡು, ಕಾಫಿ ಕುದಿಯುವಷ್ಟರಲ್ಲಿ ಹೇಳಿಬಿಟ್ಟಳು. ಅವಳ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ ಹೇಳು. ಹೋದ ಎರಡು ವರ್ಷ ಪ್ರಾರ್ಥನೆ ಮುಗಿದ ಮೇಲೆ ಹಂಚುವ ಕೋಲಿವಾದ ಗೋಧಿಯನ್ನು ನೀನೇ ಬೇಯಿಸಿದ್ದೆ, ಮೇಲೆ ಸಕ್ಕರೆ ಪುಡಿ ಹರಡಿ, ಬಾದಾಮಿಯಲ್ಲಿ ಅಮ್ಮನ ಹೆಸರಿನ ಮೊದಲಕ್ಷರವನ್ನು ನೀನೇ ಕೂರಿಸಿದ್ದೆ. ಈ ವರ್ಷ ಆ ತಟ್ಟೆಯನ್ನು ನಾನು ಹೊತ್ತುಕೊಂಡು ಹೋದರೆ ಚರ್ಚಿನ ಹೆಂಗಸರೆಲ್ಲ ನೀನು ಎಲ್ಲಿ ಅಂತ ಕೇಳುತ್ತಾರೆ. ನಾನು ಏನಾದರೊಂದು ತಮಾಷೆ ಮಾಡುತ್ತೇನೆ. ಅವರು ನಗುತ್ತಾರೆ. ಅಷ್ಟು ಕೆಟ್ಟ ಗಳಿಗೆ ಇನ್ನೊಂದು ಇರಲಿಕ್ಕಿಲ್ಲ.

ನಿನ್ನ ಧಾರಾವಾಹಿಯನ್ನು ಮೊದಲು ತೋರಿಸಿದ ದಿನ ಚಿತ್ರಮಂದಿರದ ಹೊರಗೆ ನೀನು ಒಂದು ಪ್ರಶ್ನೆ ಕೇಳಿದ್ದೆ. "ನಿಂಗೆ ಒಂದ್ಸಲಾನಾದ್ರೂ ನಗು ಬಂತಾ ಅಪ್ಪಾ? ನಿಜ ಹೇಳು." ನಾನು ಆಗ ಅದೇನೋ ಮಂಡಿಯ ಬಗ್ಗೆ ತಮಾಷೆ ಹೊಡೆದೆ. ಈಗ ನಿಜ ಹೇಳುತ್ತೇನೆ. ಬರಲಿಲ್ಲ. ನೀನು ಬರೆದ 'ಲಿಫ್ಟ್ ಇಲ್ಲ' ಧಾರಾವಾಹಿಯ ಎಂಟೂ ಕಂತನ್ನು ಮೂರು ಮೂರು ಸಲ ನೋಡಿದ್ದೇನೆ, ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಪರೀಕ್ಷೆಗೆ ಕೂತ ಹಾಗೆ. ಈ ಹತ್ತು ವರ್ಷದಲ್ಲಿ ಹುಡುಗಿಯರ ಬಗ್ಗೆ ಇಂಥ ಎದೆಗಾರಿಕೆಯ ಹಾಸ್ಯ ಬಂದಿಲ್ಲ ಅಂತ ಪೇಪರಿನವರು ಬರೆದಿದ್ದನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಹಾಲು ತೆಗೆಯುವಾಗೆಲ್ಲ ಓದುತ್ತೇನೆ. ಐದನೇ ಮಹಡಿಯಲ್ಲಿ ನಾಲ್ಕು ಹುಡುಗಿಯರು. ಬಾಡಿಗೆ ಮನೆ, ಕಟ್ಟಿಕೊಂಡ ಸಿಂಕು, ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲ, ಎಲ್ಲರಿಗೂ ಎಲ್ಲರ ಟವೆಲ್ ಬೇಕು. ಒಬ್ಬಳು ಒಂದು ಮಾತು ಆಡುತ್ತಾಳೆ. ಇನ್ನೊಬ್ಬಳು ಸಿಂಕ್ ನೋಡುತ್ತಾಳೆ. ಅಷ್ಟೇ. ನಾನು ಕಾಯುತ್ತಾ ಕೂತಿರುತ್ತೇನೆ, ಅಷ್ಟರಲ್ಲಿ ಅವರು ಬೇರೆ ರೂಮಿಗೆ ಹೋಗಿಬಿಟ್ಟಿರುತ್ತಾರೆ.

ನಿನಗೆ ನನ್ನ ಕಸುಬು ಗೊತ್ತಿದ್ದದ್ದೇ. ಇಪ್ಪತ್ತಾರು ವರ್ಷ ಸ್ಟುಡಿಯೋದಲ್ಲಿ ಮೈಕ್ ಹಿಡಿದು ಪ್ರೇಕ್ಷಕರ ಸಾಲಿನ ಮೆಟ್ಟಿಲ ಮೇಲೆ ನಿಂತವನು ನಾನು. ಹಾಸ್ಯ ಧಾರಾವಾಹಿಯ ಚಿತ್ರೀಕರಣ ನೋಡಲು ಬಂದ ಇನ್ನೂರು ಜನ ಉದ್ದಕ್ಕೂ ನಗಬೇಕು, ಆ ನಗು ರೆಕಾರ್ಡ್ ಆಗಬೇಕು. ಕ್ಯಾಮರಾದವರು ಸೋಫಾ ಎತ್ತಿ ಇಡುವಷ್ಟು ಹೊತ್ತು ಜನ ತಣ್ಣಗಾಗದ ಹಾಗೆ ನಾನು ಟಾಫಿ ಎಸೆಯಬೇಕು, ಯಾವೂರು ಅಂತ ಕೇಳಬೇಕು, ಮುದುಕಮ್ಮನ ಜೊತೆ ಹೆಜ್ಜೆ ಹಾಕಬೇಕು. ನಾಲ್ಕನೇ ಗಂಟೆಗೆ ಎಲ್ಲರಿಗೂ ಸುಸ್ತು. ಆಗ ನಾನು ಒಂದು ನಗು ಬಿಡುತ್ತೇನೆ, ಮೊದಲ ನಗು. ಹೊಟ್ಟೆಯಿಂದ ಬರುವಂಥದ್ದು. ಮೂರನೇ ಸಾಲಿನವನು ಅದನ್ನು ಹಿಡಿಯುತ್ತಾನೆ, ಅವನಿಂದ ಇಡೀ ಸಾಲು. ಏಳು ಸೆಕೆಂಡ್ ನಗು ನಿಂತರೆ ನಿರ್ದೇಶಕ ನನ್ನ ಕಡೆ ಕಣ್ಣು ಕೆಕ್ಕರಿಸುತ್ತಾನೆ. ಆ ಏಳು ಸೆಕೆಂಡಿನ ಭಯದಲ್ಲೇ ನಿನ್ನ ಸ್ಕೂಲು, ಕಾಲೇಜು, ನಿನ್ನ ಹಲ್ಲಿನ ತಂತಿ ಎಲ್ಲ ಆದದ್ದು.

ಹಾಗಾಗಿ ಚಿತ್ರಮಂದಿರದಲ್ಲಿ ಆ ಸಂಜೆ ಏನಾಯಿತು ಅಂತ ನನ್ನ ಬಾಯಿಂದಲೂ ಕೇಳು. ನೀನು ಮೂರನೇ ಸಾಲಿನಲ್ಲಿ ನಮಗೆ ಸೀಟು ಇಡಿಸಿದ್ದೆ. ಅನಾನಸ್ ಹಣ್ಣಿನ ಚಿತ್ರಗಳಿರುವ ನನ್ನ ಅಂಗಿ ಬೇಡ ಅಂತ ಫೋತಿನಿ ಕಪ್ಪು ಕೋಟು ಹಾಕಿಸಿದ್ದಳು. ಎರಡನೇ ಕಂತಿನಲ್ಲಿ ಆ ನಾಲ್ವರಲ್ಲಿ ಮುಖ್ಯ ಹುಡುಗಿ ಮೆಟ್ಟಿಲ ಮೇಲೆ ಫೋನ್ ಕಿವಿಗೆ ಇಟ್ಟುಕೊಂಡು ಕೂತಳು. ಏನೂ ಮಾತಿಲ್ಲ. ಇಡೀ ಹಾಲ್ ಸತ್ತ ಹಾಗಿತ್ತು. ನಾನು ಎಣಿಸಿದೆ, ಎಣಿಸದೆ ಇರಲಿಕ್ಕೆ ನನಗೆ ಬರುವುದಿಲ್ಲ. ಏಳಾಯಿತು, ಇಪ್ಪತ್ತಾಯಿತು. ನಲವತ್ತಕ್ಕೆ ನನ್ನ ಬೆನ್ನೆಲ್ಲ ಬೆವರು. ನನ್ನ ಮಗಳು ಮುಳುಗುತ್ತಿದ್ದಾಳೆ ಅಂತ ಅನ್ನಿಸಿತು, ಅಷ್ಟು ಜನ ದೊಡ್ಡ ಮನುಷ್ಯರ ಎದುರಿಗೆ. ಬಿಟ್ಟೆ ಮೊದಲ ನಗು. ಯಾರೂ ಹಿಡಿಯಲಿಲ್ಲ. ಇನ್ನೂ ಜೋರಾಗಿ ಬಿಟ್ಟೆ. ಫೋತಿನಿ ತೊಡೆ ಚಿವುಟಿ, "ಕೂತ್ಕೊಳ್ಳೋ ಥಾನಾಸಿ, ಜನ ಅಳ್ತಾ ಇದಾರೆ ಕಣೋ!" ಅಂದಳು. ಅಷ್ಟರಲ್ಲಿ ನಾನು ಎದ್ದು ಹಿಂದಕ್ಕೆ ತಿರುಗಿ ಆಗಿತ್ತು. "ಏನ್ರಪ್ಪಾ, ಎಲ್ರೂ ಬದುಕಿದೀರಾ? ಬ್ರೂಕ್ಲಿನ್‌ನಿಂದ ಯಾರ್ ಬಂದಿದೀರ, ಕೈ ಎತ್ತಿ!" ಒಬ್ಬನೂ ಎತ್ತಲಿಲ್ಲ. ಕತ್ತಲಲ್ಲಿ ಅಷ್ಟು ಮುಖ, ಎಲ್ಲವೂ ಒದ್ದೆ. ಫೋನಿನ ಆ ಕಡೆ ಆಸ್ಪತ್ರೆ ಇತ್ತು ಅಂತ ನನಗೆ ಆಮೇಲೆ ತಿಳಿಯಿತು.

ನಿನ್ನ ಸಿಟ್ಟು ನ್ಯಾಯವೇ. ಆದರೆ ನನ್ನದೂ ಒಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾಲ್ಕನೇ ಕಂತಿನಿಂದ ಆ ಹುಡುಗಿಯ ಅಪ್ಪ ಬರುತ್ತಾನಲ್ಲ. ಅನಾನಸ್ ಅಂಗಿ. ಜೇಬಿನಲ್ಲಿ ಟಾಫಿ. ಹೋಟೆಲಿನ ಹುಡುಗಿಗೂ ಶವಪೆಟ್ಟಿಗೆಯವನಿಗೂ ಒಂದೇ ತಮಾಷೆ. ಆ ತಮಾಷೆಗಳೆಲ್ಲ ನನ್ನವು ಮಗಳೇ, ಒಂದೊಂದನ್ನೂ ಮೆಟ್ಟಿಲ ಮೇಲೆ ನಿಂತು ನಿಂತು ತಿದ್ದಿಕೊಂಡವು. ನನ್ನ ಬಾಯಲ್ಲಿ ಅವುಗಳಿಗೆ ಇನ್ನೂರು ಜನ ನಗುತ್ತಿದ್ದರು. ನೀನು ಬರೆದ ಅಪ್ಪನ ಬಾಯಲ್ಲಿ ಅವುಗಳಿಗೆ ಯಾರೂ ನಗುವುದಿಲ್ಲ, ಯಾರೂ ನಗುವುದಿಲ್ಲ ಅನ್ನುವುದೇ ತಮಾಷೆ. ಇದು ಹೊಸ ವಿದ್ಯೆ, ನಾನು ಕಲಿತಿಲ್ಲ. ಕಾಫಿ ಅಂಗಡಿಯಲ್ಲಿ ಪಾಂಡೆಲಿಸ್ ನನ್ನನ್ನು ನೋಡಿದ ಕೂಡಲೇ, "ಬಾರಪ್ಪಾ ಟಿವಿ ಸ್ಟಾರು! ಮಗಳು ಚೆನ್ನಾಗೇ ಬಟ್ಟೆ ಬಿಚ್ಚಿದಾಳೆ ನಿಂದು!" ಅಂದ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಕ್ಕು ಮನೆಗೆ ಬಂದು ಆ ಅಂಗಿಯನ್ನು ಚರ್ಚಿನ ಹಳೇ ಬಟ್ಟೆ ಡಬ್ಬಕ್ಕೆ ಹಾಕಿಬಂದೆ. ಅದು ನಿನ್ನ ಅಮ್ಮ ತಂದುಕೊಟ್ಟದ್ದು ಅಂತ ನೆನಪಾಗಿ ವಾಪಸ್ ಹೋದರೆ, ಡಬ್ಬ ಖಾಲಿ ಮಾಡಿಕೊಂಡು ಹೋಗಿದ್ದರು.

ಆರನೇ ಕಂತಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆಸ್ಪತ್ರೆಯ ಹಜಾರದಲ್ಲಿ ಅದೇ ಹುಡುಗಿ ಎರಡು ಕಾಫಿ ಲೋಟ ಹಿಡಿದು ಬಾಗಿಲ ಹೊರಗೆ ನಿಂತಿರುತ್ತಾಳೆ. ಒಳಗೆ ಅಪ್ಪ, ಅಮ್ಮ ಮಲಗಿದ್ದ ಮಂಚದ ಪಕ್ಕ, ನರ್ಸುಗಳನ್ನು ನಗಿಸುತ್ತಾ ಇರುತ್ತಾನೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರು. ಹುಡುಗಿ ಕಾದು ಕಾದು, ಕಾಫಿಯನ್ನು ನೆಲದ ಮೇಲೆ ಇಟ್ಟು ಹೊರಟುಹೋಗುತ್ತಾಳೆ. "ಅವನಿಗೆ ನಾನು ಬಂದಿದ್ದೇ ಗೊತ್ತಾಗಲಿಲ್ಲ" ಅಂತ ಗೆಳತಿಗೆ ಹೇಳುತ್ತಾಳೆ. ಫೋತಿನಿ ಅದನ್ನು ನೋಡಿ ಒಂದು ಪ್ಯಾಕೆಟ್ ಪೇಪರ್ ಕರವಸ್ತ್ರ ಮುಗಿಸಿದಳು. ನಾನು ಅಡಿಗೆಮನೆಗೆ ಹೋಗಿ ತೊಳೆದಿಟ್ಟಿದ್ದ ತಟ್ಟೆಗಳನ್ನು ಇನ್ನೊಂದು ಸಲ ತೊಳೆದೆ.

ಹೊಗಳಿಕೆ ಬೇಕಿದ್ದರೆ ಊರೆಲ್ಲ ಹೊಗಳುತ್ತಿದೆ, ನನ್ನದು ಸೇರಿದರೆ ತೂಕ ಹೆಚ್ಚುವುದಿಲ್ಲ. ನಿನ್ನ ಕಥೆಯಲ್ಲಿ ನಗುವವರಿಗೆ ನೀನು ಕುರ್ಚಿ ಹಾಕಿಲ್ಲ. ನಾನು ಎಲ್ಲಿ ಕೂರಬೇಕು ಅಂತ ನನಗೆ ತಿಳಿಯಲಿಲ್ಲ, ಅಷ್ಟೇ.

ಚಳಿ ಹತ್ತಿರ ಬಂತು. ನಿನ್ನ ಕಡೆ ಬಿಸಿಲೇ ಇರಬಹುದು, ಆದರೂ ಕುತ್ತಿಗೆ ಮುಚ್ಚಿಕೋ. ಫೋತಿನಿ ನಿನಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಮದುವೆಯ ಬಗ್ಗೆ ಒಂದು ಮಾತು, ಅದನ್ನು ನಾನು ದಾರಿಯಲ್ಲೇ ಬೀಳಿಸಿದ್ದೇನೆ. ದೇವಮಾತೆ ನಿನ್ನನ್ನು ಕಾಯಲಿ, ಬರೆಯುವ ಕೈ ನೋಯದಿರಲಿ.

ನಿನ್ನ ಅಪ್ಪ,
ಥಾನಾಸಿಸ್

ಮರೆತಿದ್ದೆ: ಅಂಚೆ ಡಬ್ಬದವರೆಗೂ ಹೋಗಿ ವಾಪಸ್ ಬಂದು ಲಕೋಟೆ ಬಿಚ್ಚಿದ್ದೇನೆ. ಆರನೇ ಕಂತಿನಲ್ಲಿ ಒಂದು ತಪ್ಪಿದೆ, ತಿದ್ದು. ನೀನು ಬಂದದ್ದು ನನಗೆ ಗೊತ್ತಿತ್ತು. ಬಾಗಿಲಿನ ಗಾಜಿನಲ್ಲಿ ನಿನ್ನ ಹಳದಿ ಮಫ್ಲರ್ ಕಾಣುತ್ತಿತ್ತು, ಎರಡು ಲೋಟ ಕಾಣುತ್ತಿದ್ದವು. ನೀನು ಒಳಗೆ ಬಂದರೆ ನಾನು ಸುಮ್ಮನಾಗಬೇಕಿತ್ತು, ಸುಮ್ಮನಾದರೆ ಅಮ್ಮ ಉಳಿಯುವುದಿಲ್ಲ ಅನ್ನುವ ನಿಜ ಹೇಳಬೇಕಿತ್ತು. ಅದಕ್ಕೇ ಒಂದರ ಹಿಂದೆ ಒಂದು ತಮಾಷೆ ಹೇಳಿದೆ, ನೀನು ಹೋಗುವ ತನಕ. ಆ ಕಂತಿನಲ್ಲಿ ನೀನು ನನ್ನನ್ನು ಸುಲಭಕ್ಕೆ ಪಾರು ಮಾಡಿಬಿಟ್ಟಿದ್ದೀಯ. ಎರಡನೇ ತಾರೀಕು ಹತ್ತೂವರೆಗೆ ಪ್ರಾರ್ಥನೆ. ಬಂದು ಬಾಗಿಲಲ್ಲೇ ನಿಂತುಕೊಂಡರೂ ಸರಿ, ಈ ಸಲ ಒಳಗೆ ಕರೆಯುತ್ತೇನೆ. ಕರೆದು ಏನು ಹೇಳುವುದು ಅಂತ ಇನ್ನೂ ಗೊತ್ತಿಲ್ಲ.