ಬಾಲವಿರುವ ‘ರು’ ನಮ್ಮದು

ಮಾನ್ಯ ಸ್ಮಾರಕ ನಿರ್ವಹಣಾ ಮಂಡಳಿಯ ಅಧ್ಯಕ್ಷರೇ,

ತಮಗೂ, ತಮ್ಮ ಮೂಲಕ ಸಮಸ್ತ ನಾಡಿಗೂ ಅತ್ಯಂತ ಗೌರವದಿಂದ ಘೋಷಿಸುವುದೇನೆಂದರೆ, ನಮ್ಮ ತಾಯಿಯವರು ಒಂದು ಮಡಚುವ ಸ್ಟೂಲು ಕೊಂಡಿದ್ದಾರೆ. ಮೂರು ಕಾಲು, ನೀಲಿ ಕ್ಯಾನ್ವಾಸು, ಎತ್ತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಈ ಐತಿಹಾಸಿಕ ಸ್ಟೂಲನ್ನು ತಮ್ಮ ಕಾವಲುಗಾರರು ‘ಮಡಚುವ ವಸ್ತುಗಳಿಗೆ ಪ್ರವೇಶವಿಲ್ಲ’ ಎಂದು ಗೇಟಿನಲ್ಲೇ ಇಳಿಸಿಕೊಂಡರು. ಇದು ನನ್ನ ಸಣ್ಣ ದೂರು. ದೊಡ್ಡ ದೂರು ಬೇರೆಯದು. ಯಾವ ಅಕ್ಷರದ ಮುಂದೆ ಕೂರಲೆಂದು ಅಮ್ಮ ಆ ಸ್ಟೂಲು ಕೊಂಡರೋ, ಆ ಅಕ್ಷರವನ್ನೇ ತಾವು ಮಣ್ಣು ಹಾಕಿ ಮುಚ್ಚಲು ಹೊರಟಿದ್ದೀರಿ.

ಕೊಲ್ಲಿ ದಾಟುತ್ತಿದ್ದ ಆ ಹಡಗು ಮುಳುಗಿದ ದಿನ ದೇಶವೇ ಅತ್ತಿತು. ಧ್ವಜಗಳು ಅರ್ಧಕ್ಕೆ ಇಳಿದವು, ಶಾಲೆಗಳಿಗೆ ರಜೆ ಕೊಟ್ಟರು. ನನ್ನ ತಂಗಿ ಅದರಲ್ಲಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ಆಚೆ ದಡದ ಗಿರಾಕಿಗಳಿಗೆ ಸಿದ್ಧವಾದ ಕನ್ನಡಕಗಳನ್ನು ತಲುಪಿಸಿ ಬರಲು ಹೊರಟವಳು, ಕೊನೆಯ ಗಳಿಗೆಯಲ್ಲಿ ಓಡಿಹೋಗಿ ಹತ್ತಿ, ಮೇಲಿನ ಅಟ್ಟದಲ್ಲಿ ನಿಂತೇ ಟಿಕೆಟ್ ಹರಿಸಿಕೊಂಡಳು. ಹಾಗೆಂದು ಅಲ್ಲಿಂದಲೇ ಫೋನು ಮಾಡಿ ಹೇಳಿದ್ದಳು. ಹೇಳದೆ ಇರುತ್ತಾಳೆಯೇ? ಮನೆಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು, ಬಾಯಿಗೆ ಬಿಡುವಿರಲಿಲ್ಲ. “ಜಾಸ್ತಿ ಬಾಲ ಬಿಚ್ಚಬೇಡ” ಎನ್ನುವುದು ಅಮ್ಮನ ದಿನನಿತ್ಯದ ಮಂತ್ರವಾಗಿತ್ತು.

ತಮ್ಮ ಮಂಡಳಿ ಸ್ಮಾರಕದ ಗೋಡೆಯ ಮೇಲೆ ಹೆಸರು ಕೆತ್ತಿಸಿತು. ಮೊದಲೇ ಸೀಟು ಕಾದಿರಿಸಿದವರದು ಮಾತ್ರ. ನಮ್ಮಂಥವರು ಕೇಳಿದಾಗ, ಪ್ರಯಾಣಿಸಿದ್ದಕ್ಕೆ ಪುರಾವೆಯಾಗಿ ಟಿಕೆಟ್ ಹಾಜರುಪಡಿಸಿ ಎಂದಿರಿ. ಟಿಕೆಟ್ ಅವಳ ಕೈಚೀಲದಲ್ಲಿತ್ತು, ಸ್ವಾಮಿ. ಕೈಚೀಲ ಅವಳ ಹೆಗಲಲ್ಲಿತ್ತು. ಅವಳು ಎಲ್ಲಿದ್ದಾಳೆಂಬುದು ತಮಗೆ ತಿಳಿದಿದ್ದರೆ ದಯವಿಟ್ಟು ತಾವೇ ಇಳಿದು ಹಾಜರುಪಡಿಸಿ. ಕೊನೆಗೆ ತಾವು ಮರುಗಿ, ಗೋಡೆಯ ತಳದಲ್ಲಿ, ಹುಲ್ಲಿಗೆ ತಾಗುವಂತೆ, ಎರಡು ಪದ ದಯಪಾಲಿಸಿದಿರಿ: ‘ಹಾಗೂ ಇತರರು’.

ನನಗೆ ಮೈ ಉರಿಯಿತು. ಅಮ್ಮನಿಗೆ ಉರಿಯಲಿಲ್ಲ. ಹುಲ್ಲಿನ ಮೇಲೆ ಕೂತು, ಬೆರಳಿನಿಂದ ಒಂದೊಂದೇ ಅಕ್ಷರ ಸವರಿ, ಕೊನೆಯದರ ಮೇಲೆ ಕೈ ನಿಲ್ಲಿಸಿದರು. “ಈ ಕೊನೇ ‘ರು’ ನಮ್ದು ಕಣೋ. ಬಾಲ ಇದೆ ನೋಡು. ಇನ್ಯಾರಿಗಿರುತ್ತೆ?”

ಅಂದಿನಿಂದ ಪ್ರತಿ ವರ್ಷ ಅಮ್ಮ ಆ ‘ರು’ವಿನ ಮುಂದೆ ಕೂತು ಮಾತಾಡಿ ಬರುತ್ತಾರೆ. ಎದುರು ಮನೆಯವಳು ಸೊಸೆಯೊಂದಿಗೆ ಜಗಳವಾಡಿದ್ದು, ನನ್ನ ಹೊಟ್ಟೆ ಮುಂದೆ ಬಂದದ್ದು, ಎಲ್ಲ ವರದಿಯಾಗುತ್ತದೆ. ಈಚೆಗೆ ಮೊಣಕಾಲು ಕೈಕೊಟ್ಟಿತು, ನೆಲಕ್ಕೆ ಕೂತರೆ ಏಳಲಾಗದು. ಅದಕ್ಕೇ ಸ್ಟೂಲು.

ಈ ವರ್ಷ ಹೋದಾಗ ತಾವು ಸ್ಮಾರಕವನ್ನು ‘ಉನ್ನತೀಕರಿಸಿ’ದ್ದಿರಿ. ಬಾಗಿಲಲ್ಲಿ ಎರಡು ಸಾಲು, ಎರಡು ಫಲಕ. ಒಂದು, ‘ಮೃತರ ಸಂಬಂಧಿಕರು’. ಇನ್ನೊಂದು, ‘ಇತರರು’. ನಾನು ಸ್ಟೂಲಿನ ರಸೀದಿ ಬರೆಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಮುಖ ಅರಳಿಸಿಕೊಂಡು ಎರಡನೆಯ ಸಾಲಿನಲ್ಲಿ ನಿಂತಾಗಿತ್ತು. “ನೋಡಿದ್ಯಾ, ಕೊನೆಗೂ ನಮ್ಮೋರಿಗೂ ಒಂದು ಸಾಲು ಮಾಡಿದ್ದಾರೆ. ಎಷ್ಟೊಂದು ಜನ ಇದ್ದಾರೋ ಪಾಪ, ನಮ್ಮ ಹಾಗೇ.”

ಅವರ ಮುಂದೆ ಟೋಪಿ ಹಾಕಿಕೊಂಡ ಪ್ರವಾಸಿಗಳು ಬೆನ್ನಿಗೆ ಬೆನ್ನು ಕೊಟ್ಟು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಾವಲುಗಾರ ಬಂದ.

“ಯಾರ ಕಡೆಯೋರು ಅಜ್ಜಿ ನೀವು?”

“ಇತರರ ಕಡೆಯೋರು ಕಣಪ್ಪ.”

“ಹಾಗಾದ್ರೆ ಸರಿಯಾಗೇ ನಿಂತಿದ್ದೀರಿ, ಮುಂದೆ ನಡೀರಿ.”

ಅಧ್ಯಕ್ಷರೇ, ಇಷ್ಟು ವರ್ಷಗಳಲ್ಲಿ ತಮ್ಮ ಸಿಬ್ಬಂದಿ ನಮ್ಮ ಮಾತನ್ನು ಒಂದೇ ಸಲಕ್ಕೆ ಒಪ್ಪಿಕೊಂಡದ್ದು ಇದೇ ಮೊದಲು. ನಾನು ಸಂಬಂಧಿಕರ ಸಾಲಿಗೆ ಕರೆದೊಯ್ದರೆ ಅಲ್ಲಿ ಗೋಡೆಯ ಮೇಲಿನ ಹೆಸರು ಹೇಳಬೇಕಂತೆ. ಹೇಳುವುದಕ್ಕೆ ನಮ್ಮಲ್ಲಿದ್ದದ್ದು ಒಂದು ‘ರು’. ವಾಪಸು ಕಳಿಸಿದರು.

ಇತರರ ದಾರಿ ಗೋಡೆಗೆ ಹೋಗುವುದಿಲ್ಲ. ಅದು ‘ಅನುಭವ ಕೊಠಡಿ’ಗೆ ಹೋಗುತ್ತದೆ. ಕತ್ತಲೆ, ಕಾಲಡಿಯಲ್ಲಿ ಅಲುಗುವ ನೆಲ, ನಾಲ್ಕೂ ಕಡೆಯಿಂದ ನೀರು ನುಗ್ಗುವ ಸದ್ದು, ಜನರ ಕೂಗು. ಮುಳುಗುವುದೆಂದರೆ ಹೇಗಿರುತ್ತದೆಂದು ಸಾರ್ವಜನಿಕರಿಗೆ ಮನವರಿಕೆಯಾಗಲಿ ಎಂಬ ತಮ್ಮ ಕಳಕಳಿ ದೊಡ್ಡದು. ಆದರೆ ಅಮ್ಮನಿಗೆ ಆ ಮನವರಿಕೆ ಬೇಕಿತ್ತೇ? ಅವರು ಕಂಬಿ ಹಿಡಿದು, ಆ ಕೂಗುಗಳ ಕಡೆ ಕಿವಿಯಿಟ್ಟು ನಿಂತರು. ಯಾವುದನ್ನೋ ಗುರುತು ಹಿಡಿಯಲು ನೋಡುತ್ತಿದ್ದರು. ಆಮೇಲೆ ಯಂತ್ರ ನಡೆಸುವ ಹುಡುಗಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, “ಇದನ್ನ ಸ್ವಲ್ಪ ನಿಲ್ಲಿಸ್ತೀಯಾ ತಾಯಿ?” ಮಧ್ಯದಲ್ಲಿ ನಿಲ್ಲಿಸಲು ಬರುವುದಿಲ್ಲ ಎಂದು ಆಕೆ ನಿಜವಾದ ಸಂಕಟದಿಂದಲೇ ಹೇಳಿದಳು. ಗೋಡೆ ಕಂಡದ್ದು ಹೊರಬರುವಾಗ, ಹಗ್ಗದಾಚೆ, ಕಲ್ಲೆಸೆತದ ದೂರದಲ್ಲಿ. ಅಷ್ಟು ದೂರದಿಂದ ತಳದ ಸಾಲು ಹುಲ್ಲಿನಂತೆಯೇ ಕಾಣುತ್ತದೆ. ಕೊನೆಯಲ್ಲಿ ‘ನಿಮ್ಮ ಅನುಭವ ಹೇಗಿತ್ತು?’ ಎಂಬ ಯಂತ್ರ. ನಗುವ ಮುಖ ಒತ್ತಿದರೆ ತೃಪ್ತಿಕರ, ಅಳುವ ಮುಖ ಒತ್ತಿದರೆ ದೂರು. ಸ್ಮಾರಕಕ್ಕೆ ಬಂದವರು ಯಾವುದನ್ನು ಒತ್ತಬೇಕೆಂದು ತಾವು ನಿರೀಕ್ಷಿಸುತ್ತೀರಿ?

ಮರುದಿನ ತಮ್ಮ ಕಚೇರಿಗೆ ಹೋದೆ. ತಾವಿರಲಿಲ್ಲ, ಗುಮಾಸ್ತರಿದ್ದರು. ಸಂಬಂಧಿಕರ ಸಾಲಿನಲ್ಲಿ ಹೋಗಲು ಒಂದು ಪಾಸು ಕೇಳಿದ್ದಕ್ಕೆ ಅವರು ಸಮಾಧಾನ ಮಾಡುವ ದನಿಯಲ್ಲಿ, ಇನ್ನು ಅದರ ಅಗತ್ಯವೇ ಬೀಳುವುದಿಲ್ಲ ಎಂದರು. ಕೆಳಗಿನ ಸಾಲಿಗೆ ಕೆಸರು ಸಿಡಿದು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಅದಕ್ಕೆ ಗೋಡೆಯ ಬುಡಕ್ಕೆ ಮಣ್ಣು ಏರಿಸಿ ಹೂವಿನ ಪಾತಿ ಮಾಡುತ್ತಾರಂತೆ. ನನ್ನ ಮುಖ ನೋಡಿ ಅವಸರವಾಗಿ ಸೇರಿಸಿದರು: “ಹೆಸರು ಒಂದೂ ಮುಚ್ಚಲ್ಲ ಸಾರ್. ಇತರರು ಮಾತ್ರ.”

ಮಗಳಿಗೆ ಮಣ್ಣು ಕೊಡುವ ಯೋಗ ಅಮ್ಮನಿಗೆ ಬರಲಿಲ್ಲ. ಕೊಡಲು ಏನೂ ಸಿಗಲಿಲ್ಲ. ಈಗ ಆ ಕೆಲಸವನ್ನು ತಾವೇ ವಹಿಸಿಕೊಂಡಿದ್ದೀರಿ, ಅದೂ ಹೂವಿನ ಸಮೇತ. ಇದನ್ನು ಮನೆಯಲ್ಲಿ ಹೇಗೆ ಹೇಳಲಿ? ಅಮ್ಮ ಸ್ಟೂಲಿನ ಕ್ಯಾನ್ವಾಸು ಒಗೆದು ಒಣಹಾಕಿದ್ದಾರೆ. ಮುಂದಿನ ವರ್ಷ ಬೇರೆ ಸಾಲಿನಲ್ಲಿ ಹೋಗೋಣ ಎನ್ನುತ್ತಾರೆ. ಊರನ್ನು ನಗಿಸುವುದು ನನ್ನ ವೃತ್ತಿ. ಪತ್ರಿಕೆಯಲ್ಲಿ ಬರುವ ನನ್ನ ಈ ಅಂಕಣದಿಂದ ನಗು ಬರುವುದಿಲ್ಲವೆಂದು ಅಮ್ಮ ಅದನ್ನು ಓದುವುದನ್ನೇ ಬಿಟ್ಟಿದ್ದಾರೆ. ಆ ಒಂದು ಧೈರ್ಯದ ಮೇಲೆ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಂತೂ ನನಗೆ ಬಾಯಿ ಬರುತ್ತಿಲ್ಲ.

ಹೆಸರು ಕೆತ್ತಿಸಿ ಎಂದು ಕೇಳಿ ಕೇಳಿ ಸೋತಿದ್ದೇನೆ. ಅದು ತಮ್ಮ ಕೈಯಲ್ಲಾಗದಿದ್ದರೆ ಬೇಡ. ಆ ಎರಡು ಪದವನ್ನಾದರೂ ಗಾಳಿ ಬೆಳಕಿಗೆ ಬಿಡಿ. ಪಾತಿಯನ್ನು ಒಂದು ಮಾರು ಆಚೆ ಮಾಡಿ, ಹೂವು ಬೇಸರಿಸಿಕೊಳ್ಳುವುದಿಲ್ಲ. ‘ಇತರರ ಕಡೆಯವರು’ ಎಂದು ಯಾರಾದರೂ ಹೇಳಿದರೆ ಗೋಡೆಯವರೆಗೆ ಬಿಡಿ, ಸ್ಟೂಲಿನ ಸಮೇತ. ಇದು ಬೇಡಿಕೆ ಎಂದಾದರೂ ತಿಳಿಯಿರಿ, ಬೇಡುವುದು ಎಂದಾದರೂ ತಿಳಿಯಿರಿ. ನನಗೀಗ ಎರಡಕ್ಕೂ ನಾಚಿಕೆಯಿಲ್ಲ.

ಇಂತಿ,
ಸರಿಯಾದ ಸಾಲಿನಲ್ಲೇ ನಿಂತಿರುವ,
ಇತರರಲ್ಲಿ ಕೊನೆಯವಳ ಅಣ್ಣ

ತಾ.ಕ.: ಓದುಗರೇ, ನಿಮ್ಮಲ್ಲಿ ಸಂಬಂಧಿಕರ ಪಾಸು ಇರುವವರು ಪಾತಿ ಏಳುವ ಮುನ್ನ ಆ ಕಡೆ ಹೋದರೆ ಒಂದು ಉಪಕಾರ ಮಾಡಿ. ಹುಲ್ಲಿಗೆ ನೀರು ಚಿಮ್ಮಿಸುವಾಗ ಕೊನೆಯ ಅಕ್ಷರದ ಬಾಲದೊಳಗೆ ಕೆಸರು ಕೂರುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ. ಹಳೆಯ ಟೂತ್‌ಬ್ರಷ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಅದು ಮಡಚುವ ವಸ್ತುವಲ್ಲ, ಗೇಟಿನಲ್ಲಿ ಬಿಡುತ್ತಾರೆ, ವಿಚಾರಿಸಿದ್ದೇನೆ.