ಅಪ್ಪನ ಸೊಂಟದ ರಿವಾಲ್ವರ್

ಕಾಟನ್ ಬ್ರಾಂಚ್, ಅರ್ಕಾನ್ಸಾ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ರಾಕ್ಸಿ,

ಹೇಗಿದ್ದೀಯ ತಾಯಿ? ಸೊಂಟದ ನೋವು ಕಡಿಮೆಯಾಯಿತೆ? ಅಷ್ಟು ದೊಡ್ಡ ಲಾರಿಯಲ್ಲಿ ಕೂತು ದೇಶವೆಲ್ಲ ಸುತ್ತುವವಳಿಗೆ ಸೊಂಟ ನೋಯದೆ ಇನ್ನೇನು ನೋಯುತ್ತದೆ ಎಂದು ನೀನು ನಗುತ್ತೀಯ, ಗೊತ್ತು. ಆದರೂ ನಾನು ಕಳಿಸಿದ ಬಿಸಿನೀರಿನ ಚೀಲ ಉಪಯೋಗಿಸು. ಅದನ್ನು ಸೀಟಿನ ಹಿಂದೆ ಎಸೆದು, ಬಂಕಿನಲ್ಲಿ ಸಿಕ್ಕಿದ ಹಾಟ್‌ಡಾಗ್ ತಿಂದುಕೊಂಡು ದಿನ ಕಳೆಯಬೇಡ. ನನ್ನ ಮೊಣಕಾಲು ರೇಡಿಯೋದವರಿಗಿಂತ ಮೊದಲೇ ಮಳೆ ಬರುವುದನ್ನು ಹೇಳುತ್ತದೆ. ಅದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಪೇರ್ ಮರ ಈ ಸಲ ಕೊಂಬೆ ಮುರಿಯುವಷ್ಟು ಬಿಟ್ಟಿತ್ತು, ಮುರಬ್ಬ ಮಾಡಿ ಮಾಡಿ ಕೈಯೆಲ್ಲ ಅಂಟು. ನಿನ್ನ ಪಾಲಿನ ಬಾಟಲಿಗಳನ್ನು ನಿಮ್ಮಪ್ಪನ ಕಣ್ಣಿಗೆ ಬೀಳದ ಕಡೆ ಎತ್ತಿಟ್ಟಿದ್ದೇನೆ.

ವಾರಕ್ಕೆರಡು ಸಲ ಫೋನಿನಲ್ಲಿ ತಲೆ ತಿನ್ನುವ ಅಮ್ಮ ಈಗ ಕಾಗದ ಯಾಕೆ ಬರೆದಳು ಎಂದು ನಿನಗೆ ಇಷ್ಟರಲ್ಲೇ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಗುಂಡಿನ ಸದ್ದಿಗೆ ಕಿವಿ ಮಂದವಾದ ಮೇಲೆ, ನಿನ್ನ ಮಾತು ಇಡೀ ಅಡುಗೆಮನೆಗೆ ಕೇಳುವ ಹಾಗೆ ಇಟ್ಟರೇ ಅವರಿಗೆ ಸಮಾಧಾನ. ಅವರ ವಿಷಯವನ್ನು ಅವರ ಮುಂದೆಯೇ ಹೇಗೆ ಹೇಳಲಿ ಮಗಳೇ? ಈಗ ಹಿತ್ತಲಲ್ಲಿ ಎಲೆ ಗುಡಿಸುತ್ತಿದ್ದಾರೆ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಾರೆ, ಹಾಗಾಗಿ ನನಗೆ ಬರೆಯಲು ಹೊತ್ತಿದೆ.

ಅವರ ಮರೆವು ನೀನು ಈಸ್ಟರ್ ಹಬ್ಬಕ್ಕೆ ಬಂದಾಗ ನೋಡಿದ್ದಕ್ಕಿಂತ ಹೆಚ್ಚಾಗಿದೆ. ಡಾಕ್ಟರ್ ಅದಕ್ಕೊಂದು ಹೆಸರು ಹೇಳಿದರು, ಇನ್ನು ಗಾಡಿ ಓಡಿಸಬಾರದು ಎಂದರು. ಪಿಕಪ್ಪಿನ ಕೀಲಿ ಕಿತ್ತಿಟ್ಟುಕೊಂಡೆ. ಒಂದು ವಾರ ಮುಖ ಊದಿಸಿಕೊಂಡಿದ್ದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಗಾಡಿಯ ಮಾತು ಅಷ್ಟಕ್ಕೆ ಮುಗಿಯಿತು. ನಾನು ಬರೆಯಬೇಕಾದದ್ದು ಅವರ ಸೊಂಟದ ರಿವಾಲ್ವರ್ ವಿಷಯ.

ಬಂದೂಕು ಕಂಡರೆ ಮೂಗು ಮುರಿಯುವವಳಲ್ಲ ನಿನ್ನಮ್ಮ, ನಿನಗೇ ಗೊತ್ತು. ನನ್ನ ಹೊಲಿಗೆ ಅಂಗಡಿಗೆ ಹಾಡುಹಗಲಲ್ಲಿ ಚಾಕು ಹಿಡಿದು ನುಗ್ಗಿದವನು, ನಿಮ್ಮಪ್ಪ ಅಂಗಿಯ ತುದಿ ಎತ್ತಿದ್ದನ್ನು ನೋಡಿಯೇ ಕಾಲಿಗೆ ಬುದ್ಧಿ ಹೇಳಿದ. ಗುಂಡು ಹಾರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆವತ್ತಿನಿಂದ ಆ ರಿವಾಲ್ವರ್ ಪಕ್ಕದಲ್ಲಿದೆ ಎಂದೇ ನಾನು ನೆಮ್ಮದಿಯಾಗಿ ಮಲಗಿದವಳು. ಬಂದೂಕಿನ ವಿಷಯದಲ್ಲಿ ಅರ್ಧ ಊರಿಗೆ ಅವರೇ ಮೇಷ್ಟ್ರು. ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಪ್ರತಿ ಶನಿವಾರ ಪಾಠ. "ಸೊಂಟಕ್ಕೆ ಕಟ್ಕೊಳ್ಳೋದು ಮೆರೆಯೋಕಲ್ಲ ಕಣ್ರೋ, ಕಟ್ಕೊಂಡಿದೀರ ಅಂತ ನಿಮ್ಮ ಅತ್ತೆಗೂ ಗೊತ್ತಾಗ್ಬಾರ್ದು" ಎಂದು ಶುರುಮಾಡುತ್ತಿದ್ದರು. ಆಮೇಲೆ ಅವರ ಕಕ್ಕಸಿನ ಪಾಠ ನೆನಪಿದೆಯಾ? "ಕೂತ್ಕೊಳ್ವಾಗ ಬಿಚ್ಚಿ ಪಕ್ಕದ ಗೋಡೇಲಿರೋ ಪೇಪರ್ ಪೆಟ್ಟಿಗೆ ಮೇಲಿಟ್ಟು ಮರೆತು ಬರೋನು ಮನುಷ್ಯ ಅಲ್ಲ, ಗೂಬೆ. ಇಳಿಸಿದ ಪ್ಯಾಂಟೊಳಗೇ ಇಡಿ. ಪ್ಯಾಂಟ್ ಮರೆತು ಬಂದೋನ್ನ ನಾನಿನ್ನೂ ನೋಡಿಲ್ಲ." ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಗಸ್ಟ್‌ನಲ್ಲಿ ಒಂದು ಭಾನುವಾರ ಚರ್ಚಿನಲ್ಲಿ ಅದೇ ಆಯಿತು. ಬಾಗಿಲ ಪಕ್ಕದ ಬೆಂಚಿನಲ್ಲಿ, ಪ್ರಾರ್ಥನೆಯ ಹೊತ್ತಿಗೆ ಬಂದೂಕು ಇಟ್ಟುಕೊಂಡು ಕಾವಲು ಕೂರುವ ಕಡೆ, ಎಂದಿನಂತೆ ನಿಮ್ಮಪ್ಪ ಮತ್ತು ಹರ್ಶಲ್ ಮಾವ. ಬೋಧನೆಯ ನಡುವೆ ನಿಮ್ಮಪ್ಪ ಎದ್ದು ಕಕ್ಕಸಿಗೆ ಹೋಗಿ ಬಂದರು. ಅವರ ಹಿಂದೆಯೇ ಹೋದ ಹರ್ಶಲ್‌ಗೆ ಪೇಪರ್ ಪೆಟ್ಟಿಗೆಯ ಮೇಲೆ ರಿವಾಲ್ವರ್ ಕಾಣಿಸಿತು. ಊರಿನ ಬಂದೂಕುಗಳನ್ನೆಲ್ಲ ರಿಪೇರಿ ಮಾಡುವವನು ಅವನು, ನಿಮ್ಮಪ್ಪನದನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲ. ಜೇಬಿಗಿಳಿಸಿಕೊಂಡು ಬಂದು, ಹಾಡಿನ ಪುಸ್ತಕದ ಮರೆಯಲ್ಲಿ ಅವರ ಕಡೆ ಸರಿಸಿದ. ನಿಮ್ಮಪ್ಪ ಅದನ್ನು ನೋಡಿ, "ಯಾವ ಗೂಬೆದೋ ಇದು? ನನ್ನ ಕ್ಲಾಸಿಗೆ ಕಳಿಸು ಅವನ್ನ" ಎಂದರಂತೆ. ಹರ್ಶಲ್ ಮೊದಲು ತಮಾಷೆ ಅಂದುಕೊಂಡು ನಕ್ಕನಂತೆ. ಹೊರಗೆ ಕಾರುಗಳ ಹತ್ತಿರ ನನಗೆ ಇದನ್ನು ಹೇಳುವಾಗ ಅವನು ನಗುತ್ತಿರಲಿಲ್ಲ. "ಅತ್ತಿಗೆ, ನನಗಿಂತ ಮುಂಚೆ ಒಳಗೆ ಯಾವ್ದಾದ್ರೂ ಮಗು ಹೋಗಿದ್ರೆ?" ಎಂದ.

ಕಷ್ಟ ಬಂದ ಮನೆಯಿಂದ ಬಂದೂಕುಗಳನ್ನು ಸ್ನೇಹಿತರು ತಂದಿಟ್ಟುಕೊಳ್ಳುವುದು ನಮ್ಮ ಕಡೆ ಇದ್ದದ್ದೇ. ಯಾರೂ ಕಾರಣ ಕೇಳುವುದಿಲ್ಲ, ಯಾರೂ ಆಡಿಕೊಳ್ಳುವುದಿಲ್ಲ. ಹೆಂಡತಿ ತೀರಿಕೊಂಡ ವರ್ಷ ಹರ್ಶಲ್‌ನದೆಲ್ಲ ನಮ್ಮ ಮನೆಯಲ್ಲಿತ್ತು, ಚಳಿಗಾಲ ಮುಗಿದ ಮೇಲೆ ನಿಮ್ಮಪ್ಪನೇ ಕೊಂಡುಹೋಗಿ ಕೊಟ್ಟರು. ಹಾಗಾಗಿ ಅವನು ಬೇಟೆಯ ಬಂದೂಕುಗಳನ್ನು ಎಣ್ಣೆ ಹಾಕುವ ನೆಪದಲ್ಲಿ ತೆಗೆದುಕೊಂಡು ಹೋದ. ರಿವಾಲ್ವರಿಗೆ ನೆಪ ಸಾಲದೆ ಬಾಯಿಬಿಟ್ಟು ಕೇಳಿದ: "ಸ್ವಲ್ಪ ದಿನ ನನ್ನ ಹತ್ರ ಇರ್ಲಿ ಕಣೋ ಡೆಲ್ಮರ್. ನನ್ನದನ್ನ ನೀನು ಇಟ್ಕೊಂಡಿರ್ಲಿಲ್ವ?" ನಿಮ್ಮಪ್ಪ ಕೆರಳಿಬಿಟ್ಟರು. "ಆವಾಗ ನಿನಗೆ ತಲೆ ಕೆಟ್ಟಿತ್ತು. ನನಗೇನಾಗಿದೆ? ಕೊಟ್ರೆ ರಾಕ್ಸಿಗೆ ಕೊಡ್ತೀನಿ, ಅದು ಅವಳದು. ನಿನ್ನಂಥ ಪೋಲಿಗೆ ಯಾಕೆ ಕೊಡ್ಲಿ?" ಎಂದು ಅವನನ್ನು ಮನೆಯಿಂದ ಎಬ್ಬಿಸಿದರು. ಮಾರನೆಯ ದಿನ ಅದೂ ಮರೆತುಹೋಗಿತ್ತು, ಹರ್ಶಲ್ ಯಾಕೆ ಕಾಫಿಗೆ ಬಂದಿಲ್ಲ ಎಂದು ಕೇಳುತ್ತಿದ್ದರು.

ನಾನೇ ಬಚ್ಚಿಟ್ಟು ನೋಡಿದೆ. ಅವರು ಸ್ನಾನಕ್ಕೆ ಹೋದಾಗ ಹಿಟ್ಟಿನ ಡಬ್ಬಕ್ಕೆ ಹಾಕಿದೆ. ಬಂದು ಬೆಲ್ಟು ಮುಟ್ಟಿಕೊಂಡವರು ಮನೆಯನ್ನೆಲ್ಲ ಬುಡಮೇಲು ಮಾಡಿದರು. ಸಿಗದಿದ್ದಾಗ ಸೌದೆ ಒಡೆಯುವ ಕೊಡಲಿ ತಂದು ಬಾಗಿಲಿಗೆ ಅಡ್ಡ ನಿಂತರು. "ಕಳ್ಳ ಒಳಗೆ ನುಗ್ಗಿದಾನೆ ಆರ್ಡಿತ್, ನೀನು ನನ್ನ ಹಿಂದೆ ನಿಂತ್ಕೋ" ಎಂದರು. ಬೆಳಗಿನ ತಿಂಡಿ ತಟ್ಟೆಯಲ್ಲೇ ಆರಿತು, ಮಧ್ಯಾಹ್ನ ಕಳೆಯಿತು, ಮನುಷ್ಯ ಕೂರಲಿಲ್ಲ. ಕಳ್ಳಿ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ತಡೆಯಲಾರದೆ, ಬಟ್ಟೆಬುಟ್ಟಿಯಲ್ಲಿ ಸಿಕ್ಕಿತು ಎಂದು ಸುಳ್ಳು ಹೇಳಿ ತಂದುಕೊಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ತಲೆ ನೇವರಿಸಿ, "ಹೆದರ್ಕೊಂಡ್ಯಾ?" ಎಂದು ಕೇಳಿದರು.

ಆಮೇಲೆ ನಾನು ಮತ್ತು ಹರ್ಶಲ್ ಸೇರಿ ಒಂದು ಕೆಲಸ ಮಾಡಿದೆವು. ಹಿಡಿಕೆಯ ತಿರುಪು ಸಡಿಲವಾಗಿದೆ, ಬಿಗಿ ಮಾಡಿಸಿ ಎಂದು ಅವರನ್ನು ಹರ್ಶಲ್‌ನ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಮುಂದೆ ಕಾಫಿ ಕುಡಿಯುತ್ತ ಕೂತಿದ್ದಾಗ ಅವನು ಒಳಗೆ ಅದರ ಕೊಕ್ಕು ಕಿತ್ತ. ಟ್ರಿಗರ್ ಎಳೆದಾಗ ಹಿಂದಿನಿಂದ ಬಂದು ಗುಂಡಿಗೆ ಕುಟ್ಟುತ್ತದಲ್ಲ, ಆ ಸುತ್ತಿಗೆಯ ತುದಿಯ ಉಕ್ಕಿನ ಮೊನೆ. ಅದಿಲ್ಲದಿದ್ದರೆ ಗುಂಡು ತುಂಬಿದ್ದರೂ ಹಾರುವುದಿಲ್ಲ. "ಅತ್ತಿಗೆ, ಇವನು ಇವತ್ತಲ್ಲ ನಾಳೆ ಕಂಡುಹಿಡೀತಾನೆ. ಮುಂದಿನ ಹಲ್ಲು ಬಿದ್ದಂಗೆ ಕಾಣ್ತದೆ. ನನ್ನ ಚರ್ಮ ಸುಲೀತಾನೆ" ಎಂದ ಹರ್ಶಲ್. ನನಗೂ ಹಾಗೇ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ, ಕಂಡುಹಿಡಿಯಲಿ ಎಂದೇ ಆಸೆಪಟ್ಟಿದ್ದೆ.

ಆ ವಾರದ ಭಾನುವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವಲು ಹಾಸಿ ಶುಚಿ ಮಾಡಲು ಕೂತರು. ನಾನು ಬೀನ್ಸ್ ಬಿಡಿಸುವ ನೆಪದಲ್ಲಿ ಎದುರಿಗೆ ಕೂತೆ. ಗುಂಡು ತೆಗೆದು ಸಾಲಾಗಿ ನಿಲ್ಲಿಸಿದರು. ನಳಿಗೆಗೆ ಎಣ್ಣೆಬಟ್ಟೆ ತೂರಿಸಿದರು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಆ ಸುತ್ತಿಗೆಯ ತುದಿಯನ್ನೇ, ಕೊಕ್ಕು ಇರಬೇಕಾದ ಜಾಗವನ್ನೇ, ಸುತ್ತಲೂ ಉಜ್ಜಿದರು. ನೋಡ್ರೀ, ನೋಡಿ, ನನ್ನನ್ನು ಬೈಯಿರಿ, ಹರ್ಶಲ್‌ನ ಅಂಗಡಿಗೆ ಹೋಗಿ ರಂಪ ಮಾಡಿ ಎಂದು ಒಳಗೊಳಗೇ ಬೇಡಿಕೊಂಡೆ. ಗೋಡೆಯ ಕಡೆ ತಿರುಗಿಸಿ ಖಾಲಿ ಟ್ರಿಗರ್ ಎಳೆದರು, ಸದ್ದಿಗೆ ಕಿವಿಗೊಟ್ಟರು. "ಗಡಿಯಾರದ ಥರ ಇದೆ ಕಣೇ" ಎಂದು ಮತ್ತೆ ಗುಂಡು ತುಂಬಿ ಸೊಂಟಕ್ಕೆ ಸೇರಿಸಿದರು. ನಾನು ಬೀನ್ಸಿನ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಡಾಕ್ಟರ್ ಹೇಳಿದಾಗ ಬಾರದ ಅಳು ಆವತ್ತು ಬಂತು.

ಹೋಗಲಿ, ಇನ್ನು ಯಾರಿಗೂ ಅಪಾಯವಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎಂಥ ದಡ್ಡಿ ನಾನು! ಹೋದ ಗುರುವಾರ ಮೇವಿನ ಅಂಗಡಿಗೆ ಹೋಗಿದ್ದೆವು, ನಾಯಿಯ ತಿನಿಸು ಮುಗಿದಿತ್ತು. ಮೂವತ್ತರ ಆಸುಪಾಸಿನ ಒಬ್ಬ, ನಮ್ಮೂರಿನವನಲ್ಲ, ನಿಮ್ಮಪ್ಪನ ಭುಜದ ಮೇಲಿಂದ ಕೈಚಾಚಿ ಏನೋ ಎತ್ತಿಕೊಳ್ಳಲು ಹೋದ. ನಿಮ್ಮಪ್ಪ ಬೆಚ್ಚಿ ಹಿಂದೆ ಸರಿದವರು ಅಂಗಿಯ ತುದಿ ಎತ್ತಿ ಹಿಡಿಕೆಗೆ ಕೈಹಾಕಿದರು. ಅವರ ಮುಖದಲ್ಲಿ ಆಗ ಗುರುತು ಪರಿಚಯ ಏನೂ ಇರಲಿಲ್ಲ, ಬರೀ ಹೆದರಿಕೆ. ಆ ಹುಡುಗನ ಬಲಗೈ ತನ್ನ ಜಾಕೆಟ್ಟಿನ ಒಳಗೆ ಜಾರಿತು. ಯಾವ ಊರಿನಲ್ಲೋ, ಯಾವ ಹಾಲಿನಲ್ಲೋ, ನಿಮ್ಮಪ್ಪನಂಥವರೇ ಒಬ್ಬರು ಅವನಿಗೂ ಅದನ್ನು ಕಲಿಸಿದ್ದರು. ಇಬ್ಬರೂ ಅಲ್ಲಾಡದೆ ನಿಂತರು. ನಾನು ಕೈಗೆ ಸಿಕ್ಕ ಚೀಲ ಎತ್ತಿಕೊಂಡು ನಡುವೆ ನುಗ್ಗಿದೆ. "ಡೆಲ್ಮರ್, ಕೋಳಿಗೆ ಈ ಕಾಳು ಸಾಕಾ?" ಎಂದೆ. ಅವರು ನನ್ನ ಕಡೆ ತಿರುಗಿ, "ನಮ್ಮನೇಲಿ ಎಲ್ಲಿದಾವೆ ಕೋಳಿ? ನಿನಗೆ ಅರಳುಮರಳಾ?" ಎಂದರು. ಕೈ ಕೆಳಗಿಳಿಯಿತು. ಆ ಹುಡುಗನೂ ಇಳಿಸಿದ. "ತಪ್ಪಾಯ್ತಮ್ಮಾ, ನಾನು ಕೇಳ್ಬೇಕಿತ್ತು" ಎಂದು ಏನೂ ಕೊಳ್ಳದೆ ಹೊರಟುಹೋದ. ನಿಮ್ಮಪ್ಪ ಮನೆ ತಲುಪುವ ತನಕ ನನ್ನ ಕೋಳಿಗಳ ವಿಷಯ ಹೇಳಿಕೊಂಡು ನಕ್ಕರು.

ಈಗ ನಿನಗೆ ಅರ್ಥವಾಯಿತಲ್ಲ ನಾನು ಏನು ಮಾಡಿಟ್ಟಿದ್ದೇನೆ ಎಂದು? ಇಲ್ಲಿ ಯಾರ ಸೊಂಟ ಖಾಲಿ ಇದೆ ಹೇಳು. ಇವರು ತೆಗೆದರೆ ಎದುರಿಗಿರುವವನೂ ತೆಗೆಯುತ್ತಾನೆ, ಅವನದಕ್ಕೆ ಕೊಕ್ಕು ಇರುತ್ತದೆ. ಊರಿನವರನ್ನು ಇವರಿಂದ ಉಳಿಸಲು ಹೋಗಿ ಇವರನ್ನೇ ಬರಿಗೈಯಲ್ಲಿ ಬೀದಿಗೆ ಬಿಟ್ಟಿದ್ದೇನೆ, ಅದೂ ಅವರಿಗೆ ತಿಳಿಸದೆ. ಇಷ್ಟು ವರ್ಷ ನನ್ನನ್ನು ಕಾದ ಮನುಷ್ಯನಿಗೆ ನಾನು ಹೀಗೆ ಮಾಡಬಾರದಿತ್ತು. ಆದರೆ ಬೇರೆ ಏನು ಮಾಡಬೇಕಿತ್ತು ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಅಂಗಡಿ, ಚರ್ಚು ಎಲ್ಲ ಬಿಟ್ಟು ಅವರನ್ನು ಮನೆಯಲ್ಲೇ ಕೂರಿಸಿಕೊಂಡಿದ್ದೇನೆ, ಎಷ್ಟು ದಿನ ಆಗುತ್ತದೋ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಂದಿನ ತಿಂಗಳು, ಅಲ್ಲಿಯ ತನಕ ಕಾಯಬೇಡ ಮಗಳೇ. ಯಾವ ಸರಕು ಸಿಕ್ಕಿದರೆ ಅದನ್ನು ಹೇರಿಕೊಂಡು ಈ ಕಡೆ ಬಾ. ಬಂದು ಊಟ ಮಾಡಿ, ಅವರು ಖುಷಿಯಾಗಿರುವ ಹೊತ್ತು ನೋಡಿ, "ಅಪ್ಪಾ, ನನ್ನ ರಿವಾಲ್ವರ್ ಕೊಡ್ತೀನಿ ಅಂದಿದ್ಯಲ್ಲ" ಎಂದು ಕೇಳು. ಕಿತ್ತುಕೊಂಡರೆ ಕಳ್ಳ ಬಂದ ಎನ್ನುತ್ತಾರೆ, ಹುಡುಕುತ್ತಾರೆ. ತಾವೇ ಕೊಟ್ಟದ್ದಾದರೆ ಅವರನ್ನು ಸಮಾಧಾನ ಮಾಡಬಹುದು. ದಿನಾ ಬೆಳಿಗ್ಗೆ ಬೆಲ್ಟು ಮುಟ್ಟಿಕೊಂಡು ಕೇಳಲಿ, "ರಾಕ್ಸಿಗೆ ಕೊಟ್ರಲ್ಲ" ಎಂದು ದಿನಾ ಹೇಳುತ್ತೇನೆ. ಅದೊಂದಾದರೂ ನಾನು ಸುಳ್ಳಿಲ್ಲದೆ ಹೇಳುವ ಹಾಗೆ ಮಾಡು.

ಹರ್ಶಲ್ ಮಾವ ನಿನ್ನನ್ನು ವಿಚಾರಿಸಿದೆನೆಂದು ತಿಳಿಸು ಎಂದಿದ್ದಾನೆ. ನಾಯಿ ಈಗಲೂ ನಿನ್ನ ಹಳೆಯ ಚಪ್ಪಲಿಯ ಮೇಲೇ ಮಲಗುತ್ತದೆ. ಪಶ್ಚಿಮದ ಕಡೆಯ ಬೆಟ್ಟಗಳಲ್ಲಿ ಆಗಲೇ ಹಿಮ ಬೀಳುತ್ತಿದೆಯಂತೆ, ನಿಧಾನವಾಗಿ ಓಡಿಸು. ದೇವರು ನಿನ್ನ ದಾರಿಯನ್ನು ಕಾಯಲಿ.

ನಿನ್ನ ದಾರಿ ನೋಡುವ,
ಅಮ್ಮ
(ಆರ್ಡಿತ್)

ಮ.ವಿ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿಮ್ಮಪ್ಪ ಕೊಡುವಾಗ ಗುಂಡೆಲ್ಲ ತೆಗೆದು, ಗುಂಡಿನ ಗೂಡು ತೆರೆದು, ನಿನ್ನ ಮುಂದೆ ಹಿಡಿಯುತ್ತಾರೆ. ಕೊಕ್ಕು ಇಲ್ಲದ್ದು ನಿನಗೆ ಕಾಣುತ್ತದೆ. ಮುಖದಲ್ಲಿ ತೋರಿಸಬೇಡ. ಕೊಟ್ಟವರು ನೋಡಿದ್ದರೂ ತೆಗೆದುಕೊಂಡವರು ಮತ್ತೆ ನೋಡಬೇಕು ಎಂದು ಚಿಕ್ಕವಳಿದ್ದಾಗ ನಿನಗೆ ಆ ಮೇಜಿನ ಮುಂದೆ ಕಲಿಸಿದ್ದರಲ್ಲ, ಹಾಗೆಯೇ ಗುಂಡಿನ ಒಂದೊಂದು ಗೂಡಿಗೂ ಬೆರಳಿಟ್ಟು ನೋಡಿ, "ನೋಡಿದೆ ಅಪ್ಪ, ಖಾಲಿ ಇದೆ" ಎಂದು ಗಟ್ಟಿಯಾಗಿ ಹೇಳು. ಆವತ್ತು ತನ್ನ ಅಂಗಡಿಯಲ್ಲಿ ಹರ್ಶಲ್ ಆ ಮಾತು ಹೇಳುವ ತನಕ ಅವರು ಹಿಡಿ ಸಡಿಲಿಸಲೇ ಇಲ್ಲ. ಒಂದೊಂದು ಬೆಳಿಗ್ಗೆ ಅವರಿಗೆ ನನ್ನ ಹೆಸರು ಸಿಗುವುದಿಲ್ಲ ರಾಕ್ಸಿ, ಇದು ಮಾತ್ರ ಇನ್ನೂ ಮರೆತಿಲ್ಲ. ಮರೆಯುವ ಮೊದಲು ಬಾ.