ಕಂತಿನ ರೇಡಿಯೋಗೆ ಜಾಮೀನು

ಕುಂಬಾರಕೊಪ್ಪಲು, ಮೈಸೂರು
೧೧-೯-೧೯೬೨

ಗೆಳೆಯ ಅಶ್ವತ್ಥನಿಗೆ ಬೆಟ್ಟಯ್ಯನ ನಮಸ್ಕಾರಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬೈದುಕೋ, ಬೈಸಿಕೊಳ್ಳಬೇಕಾದ್ದೇ. ಮೈ ಸರಿಯಿರಲಿಲ್ಲ ಅಂತ ಬರೆದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಬರೆಯುವುದಿಲ್ಲ. ನೀನು ಕಳಿಸಿದ ಜಾಮೀನು ಕಾಗದವನ್ನು ದಿನವೂ ಬಿಚ್ಚುತ್ತೇನೆ, ಪೆನ್ನು ಹಿಡಿಯುತ್ತೇನೆ, ಮತ್ತೆ ಮಡಿಸಿಡುತ್ತೇನೆ.

ನಿನ್ನ ಮನೆಯಾಕೆ ಚೂಡಾಮಣಿಯವರಿಗೆ ಸಂಗೀತ ಕೇಳುವ ಆಸೆ, ನೀನು ರೇಡಿಯೋ ಕಂತಿನ ಮೇಲೆ ತರುತ್ತೀಯ, ನಾನು ಜಾಮೀನು ನಿಲ್ಲಬೇಕು. ಅಲ್ಲ ಕಣೋ, ಕಾಲೇಜಿನಲ್ಲಿ ನನಗೆ ಲಾಜಿಕ್ ಹೇಳಿಕೊಟ್ಟವನು ನೀನು! ಎಲ್ಲಿ ಹೋಯಿತು ಆ ಲಾಜಿಕ್ಕು?

ನನ್ನ ಪಾಡು ಕೇಳು. ಎರಡು ವರ್ಷದ ಹಿಂದೆ ನಾನು ತಂದ ರೇಡಿಯೋ ನಗದಿಗಾದರೆ ಇನ್ನೂರ ಎಂಬತ್ತು. ಕಂತಿಗಾದರೆ ಮೊದಲು ನಲವತ್ತು, ಆಮೇಲೆ ತಿಂಗಳಿಗೆ ಇಪ್ಪತ್ತರಂತೆ ಹದಿನೆಂಟು ತಿಂಗಳು. ಗುಣಿಸು, ನಾನ್ನೂರು! ಅಂಗಡಿಯ ಏಜೆಂಟ್ ಮಹದೇವು, ಪಾಪ, "ಅಗ್ರಿಮೆಂಟು ಓದಿ ಹೇಳ್ಲಾ ಸಾರ್?" ಅಂದ. "ಮಹಾರಾಜಾ ಕಾಲೇಜಿನವನಿಗೇ ಇಂಗ್ಲಿಷ್ ಹೇಳ್ಕೊಡ್ತೀಯೇನಯ್ಯ?" ಅಂದೆ. ಹಿಯರಿನ್‌ಬಿಫೋರ್, ದೇರಾಫ್ಟರ್ ಅಂತ ಪುಟದುದ್ದದ ಒಂದೇ ಸೆಂಟೆನ್ಸು. ವರ್ಬು ಎಲ್ಲಿದೆ ಅಂತ ನಾನು ಹುಡುಕುವಷ್ಟರಲ್ಲಿ ಪುಣ್ಯಾತ್ಮ ಕಾಫಿ ತರಿಸಿದ. ರುಜು ಹಾಕಿಬಿಟ್ಟೆ.

ಹನ್ನೊಂದು ಕಂತು ಒಂದು ದಿನವೂ ತಪ್ಪದೆ ಕಟ್ಟಿದೆ. ಅಷ್ಟರಲ್ಲಿ ನನ್ನಾಕೆ ಪುಟ್ಟತಾಯಿಯ ಎದೆನೋವು ಜಾಸ್ತಿಯಾಯಿತು. ಒಂಟಿಕೊಪ್ಪಲಿನ ತಂಗಿ ಪ್ರೇಮಲೀಲಾಳ ಮನೆಯಲ್ಲಿ ಆರೈಕೆ ಮಾಡುವವರಿದ್ದಾರೆ, ಹೋಗೋಣ ಅಂದರೆ, "ರೇಡಿಯೋ ಬರ್ದಿದ್ರೆ ನಾನೂ ಬರೋಲ್ಲ" ಅಂತ ಹಟ ಹಿಡಿದಳು. ಜಟಕಾದಲ್ಲಿ ಅವಳ ಪಕ್ಕಕ್ಕೇ ಕಂಬಳಿ ಸುತ್ತಿ ಅದನ್ನೂ ಕೂರಿಸಿದೆ.

ಮುಂದಿನ ಕಂತನ್ನು ಮೊದಲೇ ನೆನಪಿಸಲು ಮಹದೇವು ಇಲ್ಲಿಗೆ ಬಂದಿದ್ದಾನೆ. ಬೀಗ. ಪಕ್ಕದ ಮನೆ ತಿಮ್ಮಮ್ಮ, "ರೇಡಿಯೋನೂ ತಕ್ಕೊಂಡೇ ಹೋದ್ರು ಕಣಪ್ಪ" ಅಂತ ಸತ್ಯ ನುಡಿದಿದ್ದಾಳೆ. ಮಾರನೆಯ ದಿನವೇ ಕೂಲಿಯವನೊಬ್ಬನನ್ನು ಕರೆದುಕೊಂಡು ಒಂಟಿಕೊಪ್ಪಲಿಗೆ ಹಾಜರು.

"ಬಾಕಿ ಏನಾದ್ರೂ ಇದೆಯೇನಯ್ಯ?" ಅಂದೆ.

"ಬಾಕಿ ಇಲ್ಲ ಸಾರ್. ಪೆಟ್ಟಿಗೆ ಮನೆ ಬುಟ್ಟು ಬಂದ್ಬುಟ್ಟದೆ. ಒಂಬತ್ತನೇ ಕಲಮು."

"ಪೆಟ್ಟಿಗೆಯೇನು ಹೆಣ್ಣುಮಗಳೇ, ಗಂಡನ ಮನೆ ಬಿಟ್ಟು ತೌರಿಗೆ ಬಂತು ಅಂತ ಎಳ್ಕೊಂಡು ಹೋಗೋಕೆ?"

"ನಾನೇನ್ ಮಾಡ್ಲಿ ಸಾರ್? ಓದಿ ಹೇಳ್ಲಾ ಅಂದಾಗ ಬ್ಯಾಡ ಅಂದ್ಬುಟ್ರಲ್ಲ ನೀವು!"

ಕಡೆಯ ಕಂತು ತೀರುವವರೆಗೆ ಪೆಟ್ಟಿಗೆ ಅಂಗಡಿಯದಂತೆ, ಬರೆದುಕೊಟ್ಟ ವಿಳಾಸದಿಂದ ಕದಲಿಸಕೂಡದಂತೆ. ಕಟ್ಟಿದ ಇನ್ನೂರ ಅರವತ್ತು ರೂಪಾಯಿ ಬಾಡಿಗೆಗೆ ವಜಾ ಅಂತೆ! ಇನ್ನಿಪ್ಪತ್ತು ಸೇರಿಸಿದ್ದರೆ ನಗದಿಗೇ ಬರುತ್ತಿತ್ತಲ್ಲೋ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಮಾಡಿಸಿದ ಲೈಸೆನ್ಸು ಮಾತ್ರ ನನ್ನ ಹತ್ತಿರವೇ ಉಳಿಯಿತು. ಅದಕ್ಕೆ ಕಿವಿಯಿಟ್ಟರೆ ಏನೂ ಕೇಳಿಸುವುದಿಲ್ಲ. ಪುಟ್ಟತಾಯಿಯ ತಿಥಿಗೆ ಬಂದಾಗ ರೇಡಿಯೋ ಎಲ್ಲಿ ಅಂತ ನೀನು ಕೇಳಿದೆ. ಮಾರಿದೆ ಅಂದೆ. ನಾಚಿಕೆ ಕಣೋ.

ನಿನ್ನ ಅಂಗಡಿ ಹಾಸನದ್ದು, ಬೇರೆ. ಅಚ್ಚು ಹಾಕಿಸಿದ ಕಾಗದ ಮಾತ್ರ ಅದೇ, ಅದೇ ಒಂಬತ್ತನೇ ಕಲಮು. ನಾನು ಜಾಮೀನು ನಿಲ್ಲುವುದಿಲ್ಲ. ಸಿಟ್ಟು ಮಾಡಿಕೊಂಡರೆ ಮಾಡಿಕೋ. ಒಂದು ವರ್ಷ ದುಡ್ಡು ಕೂಡಿಹಾಕು, ನಗದು ಕೊಟ್ಟು ತಾ.

ಚೂಡಾಮಣಿಯವರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ
ಬೆಟ್ಟಯ್ಯ

ಮತ್ತೊಂದು ಮಾತು: ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮಹದೇವು ಹಜಾರದಿಂದ ಪೆಟ್ಟಿಗೆ ಹೊರಿಸಿಕೊಂಡು ಹೋದಾಗ ಪುಟ್ಟತಾಯಿ ಒಳಕೋಣೆಯಲ್ಲಿ ಮಂಪರಿನಲ್ಲಿದ್ದಳು. ಸಂಜೆ ಎಚ್ಚರವಾಗಿ, "ಯಾಕ್ರೀ, ಇವತ್ತು ಹಾಕ್ಲಿಲ್ಲ?" ಅಂದಳು. "ಕರೆಂಟಿಲ್ಲ ಕಣೇ" ಅಂದೆ. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಬಂದಾಗ ಹಾಕಿ" ಅಂದಳು. ಆಮೇಲೆ ನಾಲ್ಕು ದಿನ ಇದ್ದಳು. ಮತ್ತೆ ಕೇಳಲಿಲ್ಲ.

ದುಡ್ಡು ಕೂಡಲಿ ಅಂತ ನಾನು ಕಾಯುತ್ತ ಕೂತಿದ್ದರೆ ಆ ಹನ್ನೊಂದು ತಿಂಗಳೂ ಅವಳಿಗೆ ಸಿಗುತ್ತಿರಲಿಲ್ಲ. ಜಾಮೀನು ಕಾಗದ ಒಳಗಿದೆ, ರುಜು ಹಾಕಿದ್ದೇನೆ. ಒಂಬತ್ತನೇ ಕಲಮಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಅದರ ಪಕ್ಕದಲ್ಲಿ ಅಂಗಡಿಯವನ ರುಜು ಬೀಳುವವರೆಗೆ ರೇಡಿಯೋ ಮನೆಯೊಳಕ್ಕೆ ತರಬೇಡ.